ಮಂಜಿನ ತಿರುವಿಗೆ ಬನ್ ಅಕ್ಷರ

ಒಂಬತ್ತು ಬೋರ್ಡುಗಳನ್ನು ಅಂಗಡಿಯ ಗೋಡೆಗೆ ಸಾಲಾಗಿ ಒರಗಿಸಿದ ದಿನ ನನಗೆ ನನ್ನ ಮೇಲೇ ಪ್ರೀತಿ ಉಕ್ಕಿ ಬಂದಿತ್ತು. ಕಡು ಹಸಿರು ನೆಲ, ಅದರ ಮೇಲೆ ಬಿಳಿ ಅಕ್ಷರ. ದಪ್ಪ, ಗುಂಡು, ಎಲ್ಲಿ ಕೈಯಾಡಿಸಿದರೂ ಒಂದು ಚೂಪು ಮೂಲೆ ಸಿಗದ ಅಕ್ಷರ. ಆನೆ ದಾರಿ, ನಿಧಾನ, ಹಾರ್ನ್ ಬೇಡ ಎಂಬ ಮೂರು ಮಾತುಗಳು ತಮಿಳು, ಮಲಯಾಳ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಒಂದೇ ಬೋರ್ಡಿನ ಮೇಲೆ ಒತ್ತಾಗಿ ಕೂತಿದ್ದವು. ಇಷ್ಟು ಚೆಂದದ ಎಚ್ಚರಿಕೆಯ ಬೋರ್ಡು ಈ ಗುಡ್ಡಗಳಲ್ಲೇ ಇನ್ನೊಂದಿಲ್ಲ ಎಂದುಕೊಂಡೆ. ಬೋರ್ಡು ನೆಡುವ ನನ್ನ ಫಿಟ್ಟರನಿಗೆ ಹೇಳಿ ಫೋಟೋ ಕೂಡ ತೆಗೆಸಿದೆ.

ಆ ಅಕ್ಷರ ನಾನೇ ಬರೆದದ್ದು. ಊಟಿ ಮಾರುಕಟ್ಟೆಯ ಹಿಂದಿನ ಇಳಿಜಾರಿನಲ್ಲಿ ನನ್ನ ಬೋರ್ಡಿನ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ಒಂದು ಚಾಕಲೇಟು ಅಂಗಡಿಯವರು ಬಂದು, ಹೆಸರು ಓದಿದ ಕೂಡಲೇ ಬಾಯಲ್ಲಿ ನೀರೂರುವಂಥ ಅಕ್ಷರ ಬೇಕು ಎಂದರು. ಗ್ರಾಫ್ ಹಾಳೆಯ ಮುಂದೆ ಒಂದು ವಾರ ಕೂತೆ. ಗೀಟಿನ ದಪ್ಪ ಅಕ್ಷರದ ಎತ್ತರದ ಕಾಲು ಭಾಗ, ತುದಿಗಳೆಲ್ಲ ಅರ್ಧ ವೃತ್ತ. ಕನ್ನಡ ಅಕ್ಷರ ಮೊದಲೇ ದುಂಡು. ಗೀಟು ದಪ್ಪವಾದಷ್ಟೂ ಅದರೊಳಗೆ ಸುತ್ತುವರಿದ ಖಾಲಿ ಜಾಗ ಕುಗ್ಗುತ್ತಾ ಹೋಗುತ್ತದೆ. ನಾನು ಆ ಖಾಲಿ ಜಾಗವನ್ನು ಕಣ್ಣು ಎನ್ನುತ್ತೇನೆ. ನನ್ನ ಅಕ್ಷರದ ಕಣ್ಣು ಬಟಾಣಿಯಷ್ಟೇ ಉಳಿಯಿತು, ಅದರ ಮುದ್ದೆಲ್ಲ ಅಲ್ಲೇ ಇತ್ತು. ನಮ್ಮ ಪಕ್ಕದ ಹಟ್ಟಿಯವನಾದ ನನ್ನ ಫಿಟ್ಟರ್ ಅದನ್ನು ನೋಡಿ, "ಅಕ್ಕ, ಎಂಗ ಹಟ್ಟಿ ಬೇಕರಿಯ ಬನ್ನೂ ಹಿಂಗೇ ಹಡದೆ," ಎಂದ. ಹಿಂಗೇ ಇದೆ ಅನ್ನುವುದಕ್ಕೆ ನಮ್ಮ ಬಡಗ ಮಾತಿನಲ್ಲಿ ಹಾಗೆ ಹೇಳುತ್ತೇವೆ. ಅಂದಿನಿಂದ ಅದು ಬನ್ ಅಕ್ಷರ.

ಬನ್ ಅಕ್ಷರ ಒಳ್ಳೆಯ ಕೆಲಸ ಮಾಡಿತು. ಶಿಶುವಿಹಾರಕ್ಕೆ ಹೋಯಿತು, ಜೇನಿನ ಬಾಟಲಿಗೆ ಹೋಯಿತು, ಉಣ್ಣೆ ಟೋಪಿಯ ಅಂಗಡಿಗೆ ಹೋಯಿತು, ಕೆರೆಯ ಬಳಿ ಮಕ್ಕಳ ಸೈಕಲ್ಲು ಬಾಡಿಗೆಗೆ ಕೊಡುವವರ ತಗಡಿನ ಮೇಲೂ ಕೂತಿತು. ಯಾರನ್ನೂ ಗದರದ ಅಕ್ಷರ ಅದು. ವಕೀಲರ ಕಚೇರಿಗೆ ಅದನ್ನು ಕೊಡಲಾಗದು, ಔಷಧಿ ಅಂಗಡಿಗೂ ಹೊಂದುವುದಿಲ್ಲ. ಅಷ್ಟು ವಿವೇಕ ನನಗಿತ್ತು. ಆನೆಯ ವಿಷಯದಲ್ಲಿ ಮಾತ್ರ ಆ ವಿವೇಕ ಎಲ್ಲಿಗೆ ಹೋಗಿತ್ತೋ ತಿಳಿಯದು.

ಕೆಲಸ ತಂದವರು ಗೂಡಲೂರಿನ ಆಚೆ, ಮುದುಮಲೆಯ ಕಡೆಗೆ ಇಳಿಯುವ ಒಂದು ಪಕ್ಕದ ರಸ್ತೆಯ ಹಳ್ಳಿ ಸಮಿತಿಯವರು. ಆ ರಸ್ತೆಗೆ ಒಂದು ಕಡೆ ಚಹಾ ತೋಟ, ಇನ್ನೊಂದು ಕಡೆ ಕಾಡು. ನಡುವೆ ಒಂದು ತಿರುವು. ಆನೆಗಳು ರಸ್ತೆ ದಾಟುವುದು ಆ ತಿರುವಿನಲ್ಲೇ. ಅದರ ಕೆಳಗೆ ಒಂದು ಕಾಲುದಾರಿ ಇದೆ, ಕಾಡಂಚಿನ ಕಾಲೊನಿಯ ಹೆಂಗಸರು ಬೆಳಿಗ್ಗೆ ಆರು ಗಂಟೆಗೆ ಆ ದಾರಿಯಲ್ಲಿ ಸಾಲಾಗಿ ನಡೆದು ತೋಟದ ಕೂಲಿಗೆ ಹೋಗುತ್ತಾರೆ. ಸಮಿತಿಯ ಕಾರ್ಯದರ್ಶಿ ನಿವೃತ್ತ ಮೇಷ್ಟರು. ಅವರ ಜೊತೆ ಆ ಸಾಲಿನ ಮೊದಲಲ್ಲಿ ನಡೆಯುವ ಹೆಂಗಸೂ ಅಂಗಡಿಗೆ ಬಂದಿದ್ದಳು. ಮುಂದೆ ನಡೆಯುವವಳನ್ನು ಅವರು ಮುಂದಾಳು ಎನ್ನುತ್ತಾರೆ. ಮೇಷ್ಟರು ಕಾಲು ಗಂಟೆ ವಿವರಿಸಿದ್ದನ್ನು ಅವಳು ಮೂರೇ ಮಾತಿನಲ್ಲಿ ಮುಗಿಸಿದಳು.

"ಮ್ಯಾಲೆ ವಂಡಿಯೋರು ಹಾರ್ನ್ ಹೊಡುದ್ರೆ ದೊಡ್ಡೋರು ಕೆಳಕ್ಕಿಳೀತಾರೆ ಅಕ್ಕ. ಕೆಳಗೆ ನಾವಿರ್ತೀವಿ. ಅಷ್ಟೇಯ."

ಆನೆ ಎಂಬ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ, ದೊಡ್ಡೋರು ಎನ್ನುತ್ತಾರೆ. ಗಾಡಿಗೆ ತಮಿಳಿನ ವಂಡಿ ಎಂಬ ಮಾತು. ಅವಳ ಮನೆಮಾತೂ ನನ್ನ ಮನೆಮಾತೂ ಕನ್ನಡಕ್ಕೆ ನೆಂಟರು. ಹಾಗಾಗಿ ಇಬ್ಬರೂ ಕನ್ನಡದಲ್ಲಿ ಕೂಡಿಕೊಂಡೆವು. ಹೆದರಿಕೆಯಲ್ಲಿ ಮಾತ್ರ ನಾವು ಕೂಡಲಿಲ್ಲ. ನಾನು ಊಟಿಯ ಪಕ್ಕದ ತುಮ್ಮನಟ್ಟಿಯವಳು. ನಮ್ಮ ಕ್ಯಾರೆಟ್ ಹೊಲಕ್ಕೆ ಕಾಡುಕೋಣ ಬರುತ್ತದೆ, ಹಂದಿ ಬರುತ್ತದೆ. ಆನೆಯನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಅವಳು ಹೇಳಿದ್ದನ್ನು ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೇಷ್ಟರಿಗೆ ಬನ್ ಅಕ್ಷರವೇ ಬೇಕಿತ್ತು. ಊಟಿಗೆ ಬರುವವರೆಲ್ಲ ಅದನ್ನು ಓದಿ ಅಂಗಡಿಯೊಳಗೆ ಹೋಗುತ್ತಾರೆ, ಇಲ್ಲೂ ಓದುತ್ತಾರೆ ಎಂದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ. ದಪ್ಪ ಅಕ್ಷರ ದೂರಕ್ಕೆ ಕಾಣುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಮೊದಲು ಕಲಿಯುವ ಮಾತು, ಅದನ್ನು ನಾನು ಇಪ್ಪತ್ತು ವರ್ಷ ಪ್ರಶ್ನೆ ಮಾಡಿರಲಿಲ್ಲ. ವಾಹನದ ದೀಪಕ್ಕೆ ಹೊಳೆಯುವ ಬಿಳಿ ಹಾಳೆ ತರಿಸಿದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಒಂದೊಂದು ಕಣ್ಣಿನ ತುಣುಕನ್ನೂ ಸೂಜಿಯಿಂದ ಎಬ್ಬಿಸಿ ತೆಗೆದೆ. ಬಟಾಣಿ ಗಾತ್ರದ ಆ ತುಣುಕುಗಳು ನಾಲ್ಕು ದಿನ ನನ್ನ ಸ್ವೆಟರಿನ ತೋಳಿಗೆ, ಊಟದ ತಟ್ಟೆಗೆ, ಗಂಡನ ಕನ್ನಡಕಕ್ಕೆ ಅಂಟಿಕೊಂಡು ತಿರುಗಾಡಿದವು. ಹಸಿರು ಬಳಿದ ಅಲ್ಯುಮಿನಿಯಂ ತಗಡಿಗೆ ಅಕ್ಷರ ಅಂಟಿಸಿ, ಗುಳ್ಳೆ ಏಳದಂತೆ ರಬ್ಬರ್ ಪಟ್ಟಿಯಿಂದ ಒತ್ತಿದೆ. ಆಮೇಲೆ ನನ್ನ ಹಳೆಯ ಪರೀಕ್ಷೆ. ಬೋರ್ಡನ್ನು ಅಂಗಡಿಯ ಬಾಗಿಲಿಗಿಟ್ಟು ರಸ್ತೆ ದಾಟಿ, ಎದುರಿನ ವರ್ಕಿ ಬಿಸ್ಕತ್ತಿನ ಅಂಗಡಿಯ ಮೆಟ್ಟಿಲು ಹತ್ತಿ ನಿಂತು ಓದುವುದು. ಐವತ್ತು ಹೆಜ್ಜೆ. ಬಿಸಿಲು ಚೆನ್ನಾಗಿತ್ತು. ನೀಟಾಗಿ ಓದಲು ಬಂತು.

ಬೋರ್ಡು ನೆಡಲು ಫಿಟ್ಟರ್ ಜೊತೆ ನಾನೂ ಹೋದೆ. ಅವನು ಕಂಬಕ್ಕೆ ಗುಂಡಿ ತೋಡುವಾಗ ನಾನು ವ್ಯಾನಿನ ಬಾಗಿಲು ತೆರೆದೇ ಇಟ್ಟು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ಕೆಲಸ ಮಾಡಿಸಿದೆ. ಅವನು ಅದನ್ನು ಇಂದಿಗೂ ಆಡಿಕೊಳ್ಳುತ್ತಾನೆ. ಮಧ್ಯಾಹ್ನ ಮುಂದಾಳು ಕೆಲಸದಿಂದ ಹಿಂತಿರುಗುತ್ತಾ ಬಂದಳು. ತಿರುವಿನಲ್ಲಿ ರಸ್ತೆಯ ನಡುವೆ ಬಿದ್ದಿದ್ದ ಒಂದು ಮುರಿದ ಕೊಂಬೆಯನ್ನು ಎತ್ತಿ ಬದಿಗಿಟ್ಟಳು. ಅದೇನೆಂದು ಕೇಳಿದೆ.

"ಬೆಳಿಗ್ಗೆ ಇಕ್ಕಿದ್ದು. ದೊಡ್ಡೋರು ಹತ್ರ ಇದ್ರೆ ಇಕ್ತೀವಿ. ಕಡ್ಡಿ ಯಾವ ಕಡೆ ತೋರುತ್ತೋ ಆ ಕಡೆ ಅವ್ರೆ ಅಂತ. ನಮ್ಮೋರಿಗೆ ತಿಳೀತದೆ. ಹೊರಗಿನ ವಂಡಿಯೋರಿಗೆ ತಿಳೀದು. ಅದಕ್ಕೇ ನಿನ್ನ ಬೋರ್ಡು."

ಕೊಂಬೆಯ ಎಲೆಗಳು ಅಗಲವಾಗಿದ್ದವು, ಬೆನ್ನು ಹಸಿರು, ಹೊಟ್ಟೆ ಬೂದು ಬಿಳಿ. ಎಲ್ಲ ಎಲೆಯೂ ಹೊಟ್ಟೆ ಮೇಲಾಗಿ ಬರುವಂತೆ ತಿರುಗಿಸಿ ಇಟ್ಟಿದ್ದರು. ನಾನು ಅದನ್ನು ನೋಡಿದೆ, ಅಷ್ಟೇ. ಮುಂದಾಳು ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಅವಳಿಗೆ ಓದು ಬರುವುದಿಲ್ಲ. "ಚೆಂದಾಗದೆ," ಎಂದಳು. "ಮಂಜಿನಾಗೆ ನೋಡಿದ್ಯಾ?"

"ಬಿಸಿಲಲ್ಲಿ ನೋಡಿದ್ದೇನೆ. ಐವತ್ತು ಹೆಜ್ಜೆಗೆ ಚೆನ್ನಾಗಿ ಕಾಣುತ್ತೆ."

"ಬಿಸಿಲಾಗೆ ದೊಡ್ಡೋರೇ ಕಾಣ್ತಾರಲ್ಲಕ್ಕ. ಬೋರ್ಡ್ಯಾಕೆ?"

ಫಿಟ್ಟರ್ ನಕ್ಕ. ನಾನೂ ನಕ್ಕೆ. ಆ ಮಾತನ್ನು ಅಲ್ಲೇ ಹಿಡಿದು ನಿಲ್ಲಿಸಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

ಹನ್ನೆರಡು ದಿನದ ಮೇಲೆ ಗೂಡಲೂರಿನ ಒಂದು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದವಳು ಅಲ್ಲೇ ನೆಂಟರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಎದ್ದಾಗ ಕಿಟಕಿಯಾಚೆ ಏನೂ ಇರಲಿಲ್ಲ, ಎಲ್ಲ ಮಂಜು. ನನ್ನ ಬೋರ್ಡುಗಳು ಮಂಜಿನಲ್ಲಿ ಹೊಳೆಯುವುದರ ಫೋಟೋ ತೆಗೆಯಬೇಕೆಂಬ ಆಸೆ ಹುಟ್ಟಿತು. ಒಬ್ಬಳೇ ವ್ಯಾನು ತೆಗೆದುಕೊಂಡು ಹೊರಟೆ.

ಮೊದಲ ಬೋರ್ಡು ಬಂತು ಎಂದು ನನಗೆ ಗೊತ್ತಾದದ್ದು ಜಾಗದ ನೆನಪಿನಿಂದ, ಅಕ್ಷರದಿಂದಲ್ಲ. ದೀಪ ಬಿದ್ದ ಕಡೆ ಬೆಳಕಿನ ಉಂಡೆಗಳು ಎದ್ದು ನಿಂತಿದ್ದವು. ಬಿಳಿ ಹಾಳೆ ಬೆಳಕನ್ನು ನನ್ನ ಮುಖಕ್ಕೇ ಹಿಂತಿರುಗಿಸುತ್ತಿತ್ತು. ದಪ್ಪ ಗೀಟುಗಳ ಹೊಳಪು ಮಂಜಿನಲ್ಲಿ ಹಬ್ಬಿ, ಬಟಾಣಿ ಗಾತ್ರದ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಸಾಲಿಗೂ ಸಾಲಿಗೂ ನಡುವೆ ಜಾಗವೇ ಉಳಿದಿರಲಿಲ್ಲ. ನಾನೇ ಬರೆದ ಅಕ್ಷರ, ನಾನೇ ಅಂಟಿಸಿದ ಮಾತು, ನನಗೇ ಓದಲು ಬರಲಿಲ್ಲ. ಎರಡನೆಯ ಬೋರ್ಡಾದರೂ ಕಂಡೀತು ಎಂದು ಸ್ಟಿಯರಿಂಗಿನ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿ ಅದನ್ನೇ ಹುಡುಕುತ್ತಾ ಹೋದೆ. ವೇಗ ಕಡಿಮೆ ಮಾಡಬೇಕೆಂದು ಹೊಳೆಯಲಿಲ್ಲ. ಎರಡನೆಯದೂ ಉಂಡೆ. ಮೂರನೆಯದೂ ಉಂಡೆ. ನಾನು ಬೋರ್ಡು ನೋಡುತ್ತಿದ್ದೆ, ರಸ್ತೆ ನೋಡುತ್ತಿರಲಿಲ್ಲ.

ತಿರುವಿನಲ್ಲಿ ಮಂಜು ಕಪ್ಪಾಗಿತ್ತು. ಬ್ರೇಕು ಒತ್ತಿದ ಮೇಲೆ ಆ ಕಪ್ಪಿಗೆ ಕಾಲುಗಳಿರುವುದು ಕಂಡಿತು. ಆನೆ ರಸ್ತೆಗೆ ಅಡ್ಡಲಾಗಿ ನಿಂತಿತ್ತು, ನನಗೂ ಅದಕ್ಕೂ ನಡುವೆ ಇನ್ನೊಂದು ವ್ಯಾನು ನಿಲ್ಲುವಷ್ಟು ಜಾಗ ಇರಲಿಲ್ಲ. ಒಂದು ಶಬ್ದ ಕಿವಿ ತುಂಬಿತು. ಅದು ಆನೆಯ ಕೂಗು ಎಂದುಕೊಂಡೆ. ಅಲ್ಲ. ನನ್ನ ಅಂಗೈ ಹಾರ್ನಿನ ಮೇಲಿತ್ತು. ಯಾವಾಗ ಅಲ್ಲಿಗೆ ಹೋಯಿತೋ ನನಗೆ ತಿಳಿಯದು. ತೆಗೆಯಬೇಕೆಂದು ಗೊತ್ತಿತ್ತು, ಕೈ ಬರಲಿಲ್ಲ. ಹಾರ್ನ್ ಬೇಡ ಎಂದು ನಾಲ್ಕು ಭಾಷೆಯಲ್ಲಿ ಒಂಬತ್ತು ಸಲ ಬರೆದ ಕೈ ಅದು.

ಆನೆ ಒಮ್ಮೆ ಕಿವಿ ಬಿಚ್ಚಿತು. ಆಮೇಲೆ ಆ ದೊಡ್ಡ ಮೈಯನ್ನು ನಾನು ಊಹಿಸಿರದಷ್ಟು ಬೇಗ ತಿರುಗಿಸಿ ಕೆಳಕ್ಕೆ ಇಳಿಯಿತು. ಕೆಳಕ್ಕೆ, ಕಾಲುದಾರಿಯ ಕಡೆಗೆ. ಗಡಿಯಾರ ನೋಡಿದೆ. ಆರು ದಾಟಿ ಕೆಲವು ನಿಮಿಷ. ಕೊಂಬೆಗಳು ಮುರಿಯುವ ಸದ್ದು, ಹೆಂಗಸರ ಧ್ವನಿ, ಮತ್ತೆ ಕೊಂಬೆಗಳ ಸದ್ದು. ಆಮೇಲೆ ಏನೂ ಇಲ್ಲ. ಆ ಮೌನದಷ್ಟು ನನ್ನನ್ನು ಹೆದರಿಸಿದ್ದು ಬೇರೆ ಯಾವುದೂ ಇಲ್ಲ, ಆನೆಯೂ ಅಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೂತೇ ಇದ್ದೆ. ಇಳಿದು ನೋಡುವ ಧೈರ್ಯ ನನಗೆ ಬರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಎಷ್ಟು ಹೊತ್ತಾಯಿತೋ, ಕೊನೆಗೆ ಮಂಜಿನೊಳಗಿಂದ ಮುಂದಾಳು ಬಂದಳು, ರಸ್ತೆಗೆ ಇಡಲೆಂದು ಮುರಿದಿದ್ದ ಕೊಂಬೆ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳ ಹಿಂದೆ ಒಬ್ಬೊಬ್ಬರೇ ಬಂದರು, ಸೀರೆಯೆಲ್ಲ ಕೆಸರು. ಹಾರ್ನ್ ಕೇಳಿದ ಕೂಡಲೇ ಎಲ್ಲರನ್ನೂ ರಸ್ತೆಯ ಕೆಳಗಿನ ಮೋರಿಯೊಳಗೆ ತಳ್ಳಿದ್ದಳಂತೆ. ಆನೆ ಮೋರಿಯ ಬಾಯಿಯ ಪಕ್ಕದಲ್ಲೇ ಇಳಿದು ಹೋಗಿತ್ತು. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಓಡುವಾಗ ಬಿದ್ದು ಕಾಲು ಮುರಿದುಕೊಂಡಿದ್ದಳು. ಇಬ್ಬರು ಅವಳನ್ನು ಹೊತ್ತುಕೊಂಡಿದ್ದರು. ಎಲ್ಲರೂ ಇದ್ದಾರೆ ಎಂದು ಗೊತ್ತಾದಾಗ ನಾನು ಅತ್ತುಬಿಟ್ಟೆ. ದಾರಿಯಲ್ಲಿ ಸಿಕ್ಕ ಒಳ್ಳೆಯ ಹೆಂಗಸು ಎಂದುಕೊಂಡು ಅವರೇ ನನ್ನನ್ನು ಸಮಾಧಾನ ಮಾಡಿದರು.

ಬಿದ್ದವಳನ್ನು ನನ್ನ ವ್ಯಾನಿನಲ್ಲೇ ಗೂಡಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳು ನೋವಿನ ನಡುವೆಯೂ ಕೇಳಿದಳು. "ಹಾರ್ನ್ ಹೊಡ್ದಿದ್ದು ಯಾವ ವಂಡಿ ಅಕ್ಕ? ನೀನು ನೋಡಿದ್ಯಾ?"

"ಮಂಜಿತ್ತು," ಎಂದೆ.

ಅದು ಸುಳ್ಳಲ್ಲ. ಆದರೆ ಅಂಥ ನಿಜವನ್ನು ಹೇಳಿದ್ದಕ್ಕಿಂತ ಸುಳ್ಳು ಹೇಳಿದ್ದರೆ ಮನಸ್ಸಿಗೆ ಹಗುರವಾಗಿರುತ್ತಿತ್ತೇನೋ. ಮುಂದಾಳು ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

ಮಧ್ಯಾಹ್ನವೇ ಫಿಟ್ಟರನನ್ನು ಕರೆಸಿ ಒಂಬತ್ತೂ ಬೋರ್ಡುಗಳನ್ನು ಬಿಚ್ಚಿಸಿದೆ. ಮೇಷ್ಟರಿಗೆ ಸಿಟ್ಟು ಬಂತು. ಮುಂದಿನ ವಾರ ಬೋರ್ಡಿನ ಉದ್ಘಾಟನೆ ಇಟ್ಟುಕೊಂಡಿದ್ದರು, ಹಾರಕ್ಕೂ ಹೇಳಿ ಆಗಿತ್ತು. "ಎಲ್ಲರೂ ಮೆಚ್ಚಿದ್ದಾರಮ್ಮ, ನಿಂತು ಫೋಟೋ ತೆಗೆದುಕೊಳ್ಳುತ್ತಾರೆ," ಎಂದರು. ನಿಂತು ಫೋಟೋ ತೆಗೆದುಕೊಳ್ಳುವುದೇ ತೊಂದರೆ ಎಂದೆ. ಮಂಜಿನಲ್ಲಿ ಓದಲಾಗುವುದಿಲ್ಲ ಎಂದೆ. ಹೇಗೆ ಗೊತ್ತಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸ ಬೋರ್ಡು ಮಾಡಿ ತರಲು ಸಮಿತಿಯ ಸಭೆಯವರೆಗೆ ಮೂರು ವಾರ ಗಡುವು ಕೊಟ್ಟರು.

ಆ ಮೂರು ವಾರ ತಿರುವಿನಲ್ಲಿ ಯಾವ ಬೋರ್ಡೂ ಇರಲಿಲ್ಲ. ಬೇಗ ಕೆಲಸ ಮುಗಿಸಬೇಕೆಂಬ ಹೆದರಿಕೆ ಒಂದು ಕಡೆ, ಮತ್ತೆ ತಪ್ಪು ಮಾಡುತ್ತೇನೆಂಬ ಹೆದರಿಕೆ ಇನ್ನೊಂದು ಕಡೆ. ದಿನವೂ ಆರು ಗಂಟೆಗೆ ಎಚ್ಚರವಾಗುತ್ತಿತ್ತು. ಆರೂವರೆಗೆ ಮುಂದಾಳಿಗೆ ಫೋನು ಮಾಡುತ್ತಿದ್ದೆ. ಅವಳು ಎತ್ತಿ, "ದಾಟಿದ್ವಿ ಅಕ್ಕ. ಕೊಂಬೆ ಇಕ್ಕಿ ಬಂದ್ವಿ," ಎಂದು ಇಟ್ಟುಬಿಡುತ್ತಿದ್ದಳು. ಒಂದು ದಿನ ಸಿಗ್ನಲ್ ಇಲ್ಲದೆ ಎಂಟು ಗಂಟೆಯವರೆಗೂ ಅವಳು ಸಿಗಲಿಲ್ಲ. ಅಷ್ಟು ಹೊತ್ತು ನಾನು ಅಂಗಡಿಯ ಬೀಗ ಕೂಡ ತೆಗೆಯದೆ ಮೆಟ್ಟಿಲ ಮೇಲೆ ಕೂತಿದ್ದೆ.

ಪರೀಕ್ಷೆಗೆ ವರ್ಕಿ ಅಂಗಡಿಯ ಮೆಟ್ಟಿಲು ಸಾಲದು. ತುಮ್ಮನಟ್ಟಿಯಲ್ಲಿ ನಮ್ಮ ಹೊಲದ ಮೇಲೆ ಬೆಳಗಿನ ಹೊತ್ತು ಮಂಜು ಕೂರುತ್ತದೆ. ಹೊಲದ ಒಂದು ತುದಿಗೆ ಬೋರ್ಡು ನಿಲ್ಲಿಸಿ, ಇನ್ನೊಂದು ತುದಿಯಿಂದ ಫಿಟ್ಟರ್ ತನ್ನ ಜೀಪಿನ ದೀಪ ಹಾಕುತ್ತಿದ್ದ. ನಾನು ಅವನ ಪಕ್ಕದಲ್ಲಿ ಕೂತು ಓದುತ್ತಿದ್ದೆ. ಕ್ಯಾರೆಟ್ ಕೀಳಲು ಬಂದವರು, ಇವಕ್ಕೆ ಏನೋ ಆಗಿದೆ ಎಂಬಂತೆ ನೋಡಿಕೊಂಡು ಹೋಗುತ್ತಿದ್ದರು.

ಮೊದಲು ಗೀಟು ತೆಳುಮಾಡಿ ನೋಡಿದೆ. ಬನ್ನಿನ ಅರ್ಧ ಹಿಟ್ಟು ತೆಗೆದ ಹಾಗೆ. ದೀಪ ಬಿದ್ದಾಗ ಓದಲು ಬಂತು. ಇಬ್ಬರೂ ಕೈ ಕುಲುಕಿಕೊಂಡೆವು. ಆಮೇಲೆ ದೀಪ ಆರಿಸಿ ನೋಡಿದರೆ ಬಿಳಿ ಮಂಜಿನೊಳಗೆ ತೆಳು ಬಿಳಿ ಗೀಟು ಮಾಯ. ಬೆಳಗಾದ ಮೇಲೆ ದೀಪ ಆರಿಸಿಕೊಂಡು ಬರುವ ಲಾರಿಯವನಿಗೆ ಅದು ಬರೀ ಹಸಿರು ತಗಡು. ಒಂದು ವಾರ ಹಾಳಾಯಿತು. ಎರಡನೆಯ ವಾರ ಅಕ್ಷರದ ಸುತ್ತ ಕಪ್ಪು ಅಂಚು ಕೊಟ್ಟೆ, ಹೊಳಪು ಕಡಿಮೆಯಿರುವ ಹಾಳೆ ತಂದೆ, ಅಕ್ಷರ ದೊಡ್ಡದು ಮಾಡಿದೆ. ಉಂಡೆಗಳು ದೊಡ್ಡವಾದವು, ಅಷ್ಟೇ.

ದಾರಿ ತೋರಿಸಿದ್ದು ಒಂದು ಎಲೆ. ಆಸ್ಪತ್ರೆಗೆ ಹೋದ ದಿನ ಮುಂದಾಳು ಕೈಯಲ್ಲಿ ಹಿಡಿದು ಬಂದಿದ್ದ ಕೊಂಬೆ ವ್ಯಾನಿನ ಹಿಂದೆಯೇ ಉಳಿದಿತ್ತು. ಒಂದು ಬೆಳಿಗ್ಗೆ ಸಾಮಾನು ಇಳಿಸುವಾಗ ಫಿಟ್ಟರ್ ಅದನ್ನು ಹೊಲದ ಬದುವಿನ ಮೇಲೆ ಎಸೆದ. ದೀಪ ಹಾಕಿದಾಗ ನನ್ನ ಬೋರ್ಡು ಎಂದಿನಂತೆ ಉಂಡೆ. ಆದರೆ ಬದುವಿನ ಮೇಲೆ ಆ ಒಣಗಿದ ಎಲೆಯ ಬಿಳಿ ಹೊಟ್ಟೆ ಕಂಡಿತು, ಅದರ ನಡುವಿನ ಕಪ್ಪು ನರ ಗೀಟು ಹಾಕಿದಷ್ಟು ಸ್ಪಷ್ಟವಾಗಿ ಕಂಡಿತು. ಅವರು ಎಲೆಗಳನ್ನು ಹೊಟ್ಟೆ ಮೇಲಾಗಿ ಯಾಕೆ ತಿರುಗಿಸುತ್ತಾರೆಂದು ನನಗೆ ಆಗ ತಿಳಿಯಿತು. ಹೊಳೆಯಬೇಕಾದದ್ದು ನೆಲ. ಅಕ್ಷರ ಹೊಳೆಯಬಾರದು.

ಅಂಗಡಿಗೆ ಓಡಿದೆ. ಹೊಳೆಯುವ ಹಳದಿ ಹಾಳೆಯನ್ನು ತಗಡಿನ ತುಂಬಾ ಅಂಟಿಸಿ, ಅದರ ಮೇಲೆ ಹೊಳಪೇ ಇಲ್ಲದ ಕಪ್ಪಿನಲ್ಲಿ ಅಕ್ಷರ ಇಟ್ಟೆ. ಬನ್ ಅಕ್ಷರವನ್ನೇ, ಪೂರ್ತಿ ದಪ್ಪದಲ್ಲಿ. ಮರುದಿನ ಬೆಳಿಗ್ಗೆ ಮಂಜಿನಲ್ಲಿ ದೀಪ ಬಿದ್ದಾಗ ಹಳದಿ ಹಬ್ಬಿ, ಕಪ್ಪು ಗೀಟಿನ ಅಂಚುಗಳನ್ನು ಎಲ್ಲ ಕಡೆಯಿಂದ ತಿಂದಿತು. ತೆಳು ಅಕ್ಷರವಾಗಿದ್ದರೆ ಮುಗಿದೇ ಹೋಗುತ್ತಿತ್ತು. ಬನ್ ಅಕ್ಷರಕ್ಕೆ ಕಳೆದುಕೊಳ್ಳಲು ಮೈ ಇತ್ತು. ತಿಂದು ಉಳಿದದ್ದು ಸರಿಯಾದ ಅಕ್ಷರವಾಗಿ ನಿಂತಿತ್ತು. ದೀಪ ಆರಿಸಿದರೂ ಕಪ್ಪು ಕಾಣುತ್ತಿತ್ತು. ಕಣ್ಣುಗಳನ್ನು ಬಟಾಣಿಯಿಂದ ನೆಲ್ಲಿಕಾಯಿಯಷ್ಟು ತೆರೆದೆ, ಸಾಲುಗಳ ನಡುವೆ ಜಾಗ ಬಿಟ್ಟೆ, ನಾಲ್ಕು ಭಾಷೆಗಳನ್ನು ಒಂದೇ ಬೋರ್ಡಿನಲ್ಲಿ ತುರುಕುವುದನ್ನು ಬಿಟ್ಟು ಒಂದೊಂದು ಭಾಷೆಗೆ ಒಂದೊಂದು ಬೋರ್ಡು ಮಾಡಿದೆ. ಫಿಟ್ಟರ್ ಜೀಪಿನಲ್ಲಿ ಕೂತು ಜೋರಾಗಿ ಓದಿದ. ಆಮೇಲೆ, "ಈಗ ಬನ್ನು ಬೆಂತು ಅಕ್ಕ," ಎಂದ.

ಸಭೆಯಲ್ಲಿ ಮೇಷ್ಟರು ಹಳದಿ ನೆಲವನ್ನು ಒಪ್ಪಿದರು. ಆದರೆ ಈ ಸಲ ಅಕ್ಷರದ ಮೇಲೆ ಅವರಿಗೆ ಸಂಶಯ ಬಂದಿತ್ತು. "ಇದು ಮಕ್ಕಳ ಅಕ್ಷರದ ಹಾಗಿದೆಯಮ್ಮ. ಒಬ್ಬಳ ಕಾಲು ಮುರಿದಿದೆ. ಚೂಪಾದ ಅಕ್ಷರ ಹಾಕಿ, ಕೆಂಪು ಹಾಕಿ, ಸಾವು ಅಂತಲೇ ಬರೆಯಿರಿ. ನೋಡಿದವರು ಹೆದರಬೇಕು." ಉಳಿದವರೂ ತಲೆಯಾಡಿಸಿದರು. ನನಗೂ ಹೂಂ ಎಂದುಬಿಡುವ ಆಸೆಯಾಯಿತು. ಹೂಂ ಎಂದರೆ ಕೆಲಸ ಮುಗಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಚೂಪು ಅಕ್ಷರ ಹಾಕಲು ನನಗೆ ಒಂದು ದಿನ ಸಾಕು.

ಆದರೆ ಆ ಬೋರ್ಡನ್ನು ಓದಿ ಹೆದರಿದವರು ತಿರುವಿಗೆ ಬಂದಾಗ ಅವರ ಅಂಗೈ ಎಲ್ಲಿಗೆ ಹೋಗುತ್ತದೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮುಂದಾಳು ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ನಾನು ಅವಳನ್ನು ನೋಡದೆ, ಮೇಜಿನ ಮೇಲಿದ್ದ ಬೋರ್ಡನ್ನು ನೋಡುತ್ತಾ ಹೇಳಿದೆ.

"ಹೆದರಿಸಬೇಡಿ. ಹೆದರಿದವರೇ ಹಾರ್ನ್ ಹೊಡೆಯುವುದು. ಆವತ್ತು ಹೊಡೆದವಳು ನಾನು."

ಪೂರ್ತಿ ಹೇಳಿದೆ. ಓದಲಾಗದ ಬೋರ್ಡು, ಬ್ರೇಕು, ಕೈ, ಇಳಿಯದೆ ಕೂತದ್ದು, ಮಂಜಿತ್ತು ಎಂದದ್ದು, ಎಲ್ಲ. ಓದುವವರಿಗೆ ಧೈರ್ಯ ಹೇಳುವ ಅಕ್ಷರ ಬೇಕು, ನಿಧಾನ ಎಂದರೆ ನಿಧಾನ ಆಗುವಂತೆ ಮಾಡುವ ಅಕ್ಷರ ಬೇಕು, ಅದು ಈ ಗುಂಡು ಅಕ್ಷರವೇ ಎಂದೆ. ಮೇಷ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಮುಂದಾಳು ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬೋರ್ಡು ನೀನು ಹೇಳ್ದಂಗೇ ಆಗ್ಲಿ," ಎಂದಳು. "ಆದ್ರೆ ನಮ್ಮ ಸಾಲಿಂದು ಒಂದು ರೀತಿ ಅದೆ. ಯಾರಿಂದ ಯಾರು ಬಿದ್ರೂ, ಬೀಳ್ಸಿದೋರು ಮುಂದೆ ನಡೀಬೇಕು. ಬೋರ್ಡು ನೆಟ್ಟ ಮೇಲೆ ಮಂಜು ಬಿದ್ದ ದಿನ ನೀನು ಬಂದು ಮುಂದೆ ನಡಿ."

ಬೋರ್ಡು ನೆಟ್ಟೆವು. ಉದ್ಘಾಟನೆ ಬೇಡವೆಂದು ಮೇಷ್ಟರೇ ಹೇಳಿದರು. ಒಂಬತ್ತು ದಿನ ಬಿಸಿಲಿತ್ತು. ನಾನು ದಿನವೂ ಆಕಾಶ ನೋಡಿ ಸಮಾಧಾನ ಪಡುತ್ತಿದ್ದೆ. ಹತ್ತನೆಯ ದಿನ ಸಂಜೆ ಮುಂದಾಳೇ ಫೋನು ಮಾಡಿದಳು. "ನಾಳೆ ಇಳೀತದೆ ಅಕ್ಕ. ಇವತ್ತೇ ಬಂದು ಮಲಗು."

ಬೆಳಿಗ್ಗೆ ಕಾಲುದಾರಿಯ ಬಾಯಲ್ಲಿ ಹದಿಮೂರು ಹೆಂಗಸರು ನನ್ನ ಹಿಂದೆ ನಿಂತರು. ಕೊನೆಯಲ್ಲಿ ಬಿದ್ದವಳ ಜಾಗ ಖಾಲಿಯಿತ್ತು. ಮುಂದಾಳು ನನ್ನ ಬೆನ್ನಿಗೇ ಇದ್ದಳು, ಅವಳ ಉಸಿರು ನನ್ನ ಶಾಲಿಗೆ ತಾಗುತ್ತಿತ್ತು. ನನ್ನ ಕೈಗಿಂತ ಆಚೆ ಏನೂ ಕಾಣುತ್ತಿರಲಿಲ್ಲ. ಒಂದೊಂದು ಹೆಜ್ಜೆಗೂ ಮುಂದೆ ಏನೋ ನಿಂತಿದೆ ಎನ್ನಿಸುತ್ತಿತ್ತು. ತೋಟದ ಗಿಡವೂ ಆನೆ, ಬಂಡೆಯೂ ಆನೆ. ಇವರು ಇದನ್ನು ದಿನವೂ ಮಾಡುತ್ತಾರೆ, ಮಾಡಿ ಎಲೆ ಕಿತ್ತು ಮನೆಗೆ ಹೋಗಿ ಅಡುಗೆ ಮಾಡುತ್ತಾರೆ ಎಂಬುದು ಅಲ್ಲಿಯವರೆಗೆ ನನ್ನ ಮನಸ್ಸಿಗೆ ಇಳಿದಿರಲಿಲ್ಲ.

ಮೋರಿಯ ಹತ್ತಿರ ಮುಂದಾಳು ನನ್ನ ಭುಜ ಹಿಡಿದು ನಿಲ್ಲಿಸಿದಳು. ಮೂಗಿಗೆ ಒಂದು ವಾಸನೆ ಬಂತು, ಹಸಿ ಸೊಪ್ಪು ಮತ್ತು ಲದ್ದಿ. "ಮ್ಯಾಲೆ ಅವ್ರೆ," ಎಂದು ಕಿವಿಯಲ್ಲಿ ಹೇಳಿದಳು. ಅದೇ ಹೊತ್ತಿಗೆ ದೂರದಲ್ಲಿ ವಾಹನದ ಸದ್ದು ಕೇಳಿತು. ಹೊರಗಿನ ಗಾಡಿ, ವೇಗವಾಗಿ ಬರುತ್ತಿತ್ತು.

ಮೇಲೆ ಮಂಜಿನೊಳಗೆ ಹಳದಿ ಬೆಳಗಿತು. ಮೊದಲ ಬೋರ್ಡು. ಕೆಳಗಿನಿಂದ ನನಗೆ ಅಕ್ಷರ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಓದಿದರೋ ಇಲ್ಲವೋ ಎಂದು ತಿಳಿಯುವ ದಾರಿಯೇ ನನಗಿರಲಿಲ್ಲ. ಎರಡನೆಯ ಹಳದಿ ಬೆಳಗಿತು. ಎಂಜಿನ್ನಿನ ಸದ್ದು ಇಳಿಯಿತೋ, ನನಗೆ ಹಾಗೆ ಬೇಕಾಗಿತ್ತೋ. ಮೂರನೆಯದು. ಸದ್ದು ನಿಜವಾಗಿ ಇಳಿಯಿತು. ಆಮೇಲೆ ನಿಂತಿತು. ಹಾರ್ನಿಗಾಗಿ ಕಾದೆ. ಹದಿಮೂರು ಜನರೂ ಕಾದರು. ಮುಂದಾಳಿನ ಬೆರಳುಗಳು ನನ್ನ ಭುಜದೊಳಗೆ ಇಳಿದಿದ್ದವು. ಮೇಲೆ ಒಂದು ಕೊಂಬೆ ನಿಧಾನವಾಗಿ ಮುರಿಯಿತು, ಆಮೇಲೆ ಇನ್ನೊಂದು, ಸ್ವಲ್ಪ ದೂರದಲ್ಲಿ. ಸದ್ದು ಕಾಡಿನ ಕಡೆಗೆ ಹೋಗುತ್ತಿತ್ತು, ನಮ್ಮ ಕಡೆಗಲ್ಲ. ತುಂಬಾ ಹೊತ್ತಿನ ಮೇಲೆ ಎಂಜಿನ್ನು ಮೆಲ್ಲಗೆ ಶುರುವಾಗಿ ತಿರುವು ದಾಟಿ ಹೋಯಿತು. ಹಾರ್ನ್ ಆಗಲಿಲ್ಲ.

ಮುಗಿಯಿತು ಎಂದುಕೊಂಡು ಪಕ್ಕಕ್ಕೆ ಸರಿದು ಮುಂದಾಳಿಗೆ ದಾರಿ ಬಿಟ್ಟೆ. ಅವಳು ಕದಲಲಿಲ್ಲ.

"ಬಿದ್ದೋಳ ಕಾಲಿನ್ನೂ ವಾಸಿಯಾಗಿಲ್ಲ," ಎಂದಳು. "ಮಂಜು ಇನ್ನೂ ನಾಕು ದಿನ ಇರ್ತದೆ. ನಡಿ."

ನಡೆದೆ.